ಸ್ವೀಡನ್ನಿನ ತಟ್ಟೆ ಮತ್ತು ನಮ್ಮ ಕಾಲುಪೇಟಿ

ನಾಟಕ ಕಂಪನಿಯವರ ಮನೆಗಳಲ್ಲಿ ಭಾನುವಾರ ಒಲೆ ಬೇಗ ಹೊತ್ತಬೇಕು. ಮಧ್ಯಾಹ್ನದ ಆಟ ಇರುತ್ತದೆ. ಬಣ್ಣ ಹಚ್ಚಿಕೊಂಡ ಮೇಲೆ ಯಾರೂ ಉಣ್ಣುವುದಿಲ್ಲ, ಆದ್ದರಿಂದ ಎಲ್ಲರ ಊಟ ಹನ್ನೊಂದರೊಳಗೆ ಮುಗಿಯುತ್ತಿತ್ತು. ಇವರು ಬಣ್ಣ ಹಚ್ಚುವವರಲ್ಲ, ಪೇಟಿ ಮಾಸ್ತರು. ಆದರೂ ಹೊಟ್ಟೆ ತುಂಬಿದರೆ ಕಾಲು ಏಳುವುದಿಲ್ಲ ಎಂದು ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ತಿಂದು ಕೈ ತೊಳೆದುಬಿಡುತ್ತಿದ್ದರು. ಇವರು ಎಂದರೆ ನನ್ನ ಯಜಮಾನರು. ನುಡಿಸುತ್ತಿದ್ದುದು ಕಾಲುಪೇಟಿ, ಮೇಜಿನಷ್ಟು ಎತ್ತರದ ಹಾರ್ಮೋನಿಯಂ, ಕೆಳಗೆ ಎರಡು ಹಲಗೆ. ಕಾಲಿನಿಂದ ಆ ಹಲಗೆ ತುಳಿದರೆ ಗಾಳಿ ಏಳುತ್ತದೆ, ಎರಡೂ ಕೈ ನುಡಿಸಲು ಬಿಡುವಾಗುತ್ತವೆ.

ನಮ್ಮದು ಬೆಟಗೇರಿ. ನನ್ನ ತವರೂ ಅಲ್ಲಿಯದೇ, ನೇಯುವವರ ಮನೆ. ಮದುವೆಯಾದ ಮೇಲೆ ಮಾತ್ರ ವರ್ಷದ ಹೆಚ್ಚು ಭಾಗ ಕಂಪನಿಯ ಜೊತೆಗೇ ಕಳೆಯಿತು. ಕಂಪನಿ ಎಲ್ಲಿ ತಗಡಿನ ಥೇಟರು ಕಟ್ಟುತ್ತದೋ ಅಲ್ಲೊಂದು ಬಾಡಿಗೆ ಖೋಲಿ, ಮೂರು ಕಲ್ಲಿನ ಒಲೆ. ನಾನು ಪಾತ್ರದವರ ಬಟ್ಟೆ ಹೊಲಿಯುತ್ತಿದ್ದೆ, ಹರಿದುದಕ್ಕೆ ತೇಪೆ ಹಾಕುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ನಮ್ಮ ಕ್ಯಾಂಪು ಲಕ್ಷ್ಮೇಶ್ವರದಲ್ಲಿತ್ತು. ಅಲ್ಲಿ ಮುಗಿದ ಮೇಲೆ ಶಿರಹಟ್ಟಿ, ಆಮೇಲೆ ಮುಂಡರಗಿ.

ಕಂಪನಿಗೆ ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವರು ಲಕ್ಷ್ಮೇಶ್ವರದ ಒಬ್ಬ ಸಾಹೇಬರು. ಎಲ್ಲರೂ ಅವರನ್ನು ಮೈಕಿನ ಭಾಯಿ ಎನ್ನುತ್ತಿದ್ದರು. ಅವರ ಹೆಂಡತಿಯ ತಮ್ಮ ಮುಂಬಯಿಯಿಂದ ಹೊರಡುವ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗ ಅಕ್ಕನಿಗೊಂದು ಕಂಬಳಿ, ಭಾವನಿಗೊಂದು ರೆಕಾರ್ಡು ತಂದಿದ್ದ. ನಮ್ಮ ಕಡೆ ಅದಕ್ಕೆ ತಟ್ಟೆ, ಆಡುಮಾತಿನಲ್ಲಿ ತಟ್ಟಿ, ಅನ್ನುವುದು ರೂಢಿ. ಸ್ವೀಡನ್ ದೇಶದ ಬಂದರಿನಲ್ಲಿ ಮೂಟೆ ಇಳಿಸುವವನೊಬ್ಬನಿಗೆ ತನ್ನ ಕಾಲಿನ ಕೊಲ್ಹಾಪುರಿ ಚಪ್ಪಲಿ ಬಿಚ್ಚಿಕೊಟ್ಟು, ಬದಲಿಗೆ ಇದನ್ನು ಇಸಕೊಂಡಿದ್ದನಂತೆ.

ಭಾಯಿ ಅದನ್ನು ಮೊದಲ ಸಲ ಹಚ್ಚಿದ್ದು ಸೆಟ್ಟು ಪರೀಕ್ಷೆ ಮಾಡುವ ನೆಪದಲ್ಲಿ, ಒಂದು ಮುಂಜಾನೆ, ಥೇಟರಿನ ಅಂಗಳದಲ್ಲಿ. ನಾನು ಬಾವಿಯಿಂದ ನೀರು ತರುತ್ತಿದ್ದೆ. ಮೊದಲು ಹಾರ್ನು ಕೆಟ್ಟಿದೆ ಅಂದುಕೊಂಡೆ. ಸಣ್ಣಗೆ, ನೆಲದೊಳಗಿಂದ ಬಂದ ಹಾಗೆ, ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಅದರ ಮೇಲೆ ಪೇಟಿಯಂಥದ್ದೇ ಒಂದು ವಾದ್ಯ ಮೆಲ್ಲಗೆ ಎದ್ದಿತು. ಆಮೇಲೆ ಕೊಳಲು. ನಮ್ಮ ಕೊಳಲಿನ ಹಾಗೆ ಉಸಿರು ಕೇಳಿಸುವ ಕೊಳಲಲ್ಲ, ಬಹಳ ದಿನ ಮುಚ್ಚಿಟ್ಟ ಕೋಣೆಯೊಳಗಿಂದ ಬರುವಂಥದ್ದು. ಡ್ರಮ್ಮು ತಾಳ ಹಾಕಲು ಬರಲಿಲ್ಲ. ಮೇಲಿನ ಮಾಳಿಗೆಯಲ್ಲಿ ಯಾರೋ ನಡೆದು, ನಿಂತು, ಮತ್ತೆ ನಡೆದಂತೆ ಬಂತು. ಗಿಟಾರಿನ ತಂತಿ ಎಳೆದು ಎಳೆದು, ಮಗ್ಗದ ಮೇಲೆ ನೂಲು ಇನ್ನೇನು ಹರಿಯುತ್ತದೆ ಅನ್ನುವ ಬಿಗಿಗೆ ಬಂದಾಗ ಎಲ್ಲ ವಾದ್ಯಗಳೂ ಒಟ್ಟಿಗೆ ಬಿದ್ದವು. ಮತ್ತೆ ಒಮ್ಮೆಲೇ ನಿಂತವು. ನಿಂತಾಗ ಗೊತ್ತಾಯಿತು, ಕೆಳಗಿನ ಆ ಗುಂಯ್ ಸದ್ದು ಒಂದು ಕ್ಷಣವೂ ನಿಂತೇ ಇರಲಿಲ್ಲ.

ಹಾಡಿಲ್ಲ, ಮಾತಿಲ್ಲ. ತಟ್ಟೆಯ ಒಂದು ಬಾಜು, ಅಂದರೆ ಒಂದು ಮಗ್ಗುಲು, ಪೂರ್ತಿ ಒಂದೇ ವಾದನ. ನಾನು ಕೊಡ ಸೊಂಟದ ಮೇಲೆ ಇಟ್ಟುಕೊಂಡೇ ನಿಂತಿದ್ದೆ.

ಕಂಪನಿಯ ಮಾಲಕರು ಹಲ್ಲುಜ್ಜುತ್ತ ಬಂದವರು ಬಾಯಿ ಮುಕ್ಕಳಿಸುವುದನ್ನು ಮರೆತು ಟ್ರಂಕಿನ ಮೇಲೆ ಕುಳಿತಿದ್ದರು. ತಟ್ಟೆ ಮುಗಿದ ಮೇಲೆ ಕೇಳಿದರು.

“ಇದೇನೋ ಭಾಯಿ, ಸತ್ತವರನ್ನ ಎಬ್ಬಿಸೋ ಬಾಜಾ?”

“ರಾಕ್ ಬ್ಯಾಂಡ್ ಅಂತಾರಂತ್ರಿ ಮಾಲಕರ.”

“ಆ ಕುಣಿಯೋದು?”

“ಅಲ್ರಿ. ಇದು ಕುಣಿಯೋ ಬ್ಯಾಂಡ್ ಅಲ್ಲ, ಕುಂತು ಕೇಳೋ ಬ್ಯಾಂಡ್ ಅಂತ ನಮ್ಮ ಹುಡುಗ ಹೇಳ್ಯಾನ. ಅಲ್ಲೆ ಚಳಿಗಾಲದಾಗ ಮಧ್ಯಾಹ್ನಕ್ಕ ಕತ್ತಲಾಗತೈತಂತ. ಮತ್ತೇನ ಮಾಡ್ಯಾರ ಪಾಪ, ಮನ್ಯಾಗ ಕುಂತು ಇಂಥಾದ್ದು ಬಾರಿಸ್ಯಾರ.”

ಮಾಲಕರು ಹೊಸ ನಾಟಕ ಏರಿಸುವುದರಲ್ಲಿದ್ದರು. ಆಸ್ತಿಯ ಆಸೆಗೆ ಅಣ್ಣನನ್ನು ಬಾವಿಗೆ ನೂಕಿದ ತಮ್ಮನ ಕಥೆ. ತಮ್ಮನ ಪಾತ್ರ ಮಾಲಕರದೇ. ಅದರಲ್ಲೊಂದು ದೃಶ್ಯದಲ್ಲಿ ಆ ತಮ್ಮ ಒಬ್ಬನೇ ಅದೇ ಬಾವಿಗೆ ನೀರು ಸೇದಲು ಬರುತ್ತಾನೆ. ಹಗ್ಗ ಹಿಡಿದು ನಿಂತು ತನ್ನೊಳಗೆ ತಾನೇ ಮಾತಾಡುತ್ತಾನೆ. ಇಂಥ ಕಡೆ ಮಾತಿನ ಹಿಂದೆ ಪೇಟಿ ನುಡಿಸುವುದು ಇವರ ಕೆಲಸ. ಪಾತ್ರದವ ನಿಂತರೆ ಪೇಟಿ ನಿಲ್ಲಬೇಕು, ಅತ್ತರೆ ಅಳಬೇಕು.

ಮಾಲಕರು ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಇವರ ಕಡೆ ತಿರುಗಿದರು. “ಮಾಸ್ತರ, ಸಿಟ್ಟಾಗಬ್ಯಾಡ್ರಿ. ಬಾವಿ ಸೀನಿಗೆ ಇದನ್ನ ಹಚ್ಚಿ ನೋಡೂಣು. ಭಾನುವಾರ ಮಧ್ಯಾಹ್ನದ ಆಟಕ್ಕ. ಮಂದಿಗೆ ಹಿಡಿಸ್ತಂದ್ರ ಶಿರಹಟ್ಟಿಯಿಂದ ಹಿನ್ನೆಲಿಗೆಲ್ಲಾ ತಟ್ಟೀನ. ಹೊಸ ನಾಟಕದಾಗ ಹಾಡs ಮೂರು ಅದಾವು. ಅಷ್ಟಕ್ಕ ಕೈಪೇಟಿ, ತಬಲಾ ಸಾಕಾಗತಾವು. ಈ ಕಾಲುಪೇಟಿ ಲಾರ್ಯಾಗ ಅರ್ಧ ಜಾಗಾ ತಿಂತೈತಿ.”

ಕೈಪೇಟಿಯನ್ನು ಮೇಳದಲ್ಲಿ ಹಾಡುವವನೇ ನುಡಿಸಿಕೊಳ್ಳಬಲ್ಲ. ಅಂದರೆ ಇವರ ಗತಿ ಏನು ಎಂದು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಹಿಂದಿನ ವರ್ಷ ಬೇರೊಂದು ಕಂಪನಿಯಲ್ಲಿ ಹೀಗೆಯೇ ತಟ್ಟೆ ಬಂದು, ಇವರ ಜೊತೆಗೇ ಕಲಿತ ಪೇಟಿ ಮಾಸ್ತರರೊಬ್ಬರು ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಗದಗಿನ ಹತ್ತಿ ಅಂಗಡಿಯಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಎಣಿಸುತ್ತ ಕುಳಿತವರನ್ನು ನಾವೇ ನೋಡಿದ್ದೆವು. ಭಾನುವಾರ ಭಾಯಿಯ ತಟ್ಟೆ ಗೆದ್ದರೆ ಇವರಿಗೂ ಶಿರಹಟ್ಟಿಯ ಲಾರಿ ಇಲ್ಲ.

ಆ ರಾತ್ರಿ ನಾನು ಡಬ್ಬಿಯಲ್ಲಿದ್ದ ಚಿಲ್ಲರೆ ಎಣಿಸಿದೆ. ಇವರಿಗೆ ಚಿಂತೆ ಆದಂತೆ ಕಾಣಲಿಲ್ಲ. ಮರುದಿನ ಊಟ ಮುಗಿಸಿ ಅಂಗಿ ಹಾಕಿಕೊಂಡರು.

“ಎಲ್ಲಿಗೆ?”

“ಭಾಯಿ ಮನಿಗೆ. ಆ ತಟ್ಟಿ ಇನ್ನೊಮ್ಮೆ ಕೇಳಿ ಬರ್ತೀನಿ.”

“ಅಲ್ರಿ, ನಿಮ್ಮ ಕುರ್ಚಿ ಎಳಿಯಾಕ ಬಂದದ್ದು ಅದು. ಅದರ ಮುಂದ ಹೋಗಿ ಕೈ ಕಟಗೊಂಡು ಕುಂಡ್ರತೀರಿ?”

“ಅದಕ್ಕ ನನ್ನ ಕುರ್ಚಿ ಖಬರ ಎಲ್ಲೈತಿ? ಅದರಾಗ ಪೇಟಿ ಬಾರಿಸ್ಯಾನ ನೋಡು ಒಬ್ಬಾಂವ, ಎಂಥಾ ತಾಳ್ಮಿ ಅಂತಿ! ಒಂದು ಸುರ ಹಿಡದಾ ಅಂದ್ರ ಬಿಡವಲ್ಲ. ನಾ ಆದ್ರ ಅಷ್ಟರಾಗ ಹತ್ತು ಸುರ ಬಾರಿಸಿ ಎದ್ದು ಹೋಗತಿದ್ದೆ.”

ನನಗೂ ತಡೆಯಲಾಗಲಿಲ್ಲ. ಒಂದು ಪುಟ್ಟಿ ಶೇಂಗಾ ತೆಗೆದುಕೊಂಡು ಹಿಂದಿನಿಂದ ಹೋದೆ. ಭಾಯಿಯ ಮನೆ ಸಂತೆಯ ಬಯಲಿನ ಹಿಂದೆ. ಪಡಸಾಲೆಯಲ್ಲಿ ಗಂಡಸರು, ಒಳಗೆ ನಾನು, ಭಾಯಿಯ ಹೆಂಡತಿ ಭಾಬಿ. ನಡುವೆ ಒಂದು ಪರದೆ. ಭಾಬಿ ಮೊರ ತಂದಿಟ್ಟಳು. ಸುಲಿಯುತ್ತ ಕುಳಿತೆವು.

ಅಂದು ತಟ್ಟೆಯ ಕವರನ್ನು ಸರಿಯಾಗಿ ನೋಡಿದೆ. ಕಪ್ಪು ಮರಗಳು, ಎಲೆ ಒಂದೂ ಇಲ್ಲ. ಕೆಳಗೆ ಬೂದಿಯ ಬಣ್ಣದ ಹಿಮ. ಮನುಷ್ಯರ ಸುಳಿವಿಲ್ಲ. ಇಂಗ್ಲಿಷ್ ಅಕ್ಷರಗಳೇ, ಆದರೆ ಕೆಲವದರ ತಲೆಯ ಮೇಲೆ ಸಣ್ಣ ಸೊನ್ನೆ, ಕೆಲವದರ ಮೇಲೆ ಎರಡು ಚುಕ್ಕೆ. “ನನ್ನ ತಮ್ಮಗ ಇದನ್ನ ನೋಡಿ ಏನ್ ಖುಷಿ ಆತೋ ಗೊತ್ತಿಲ್ಲಬೇ,” ಎಂದಳು ಭಾಬಿ. “ನಾ ಹೇಳಿದ್ದು ಒಂದು ಅತ್ತರದ ಸೀಸೆ ತಾರೋ ಅಂತ.”

ತಟ್ಟೆಯ ಇನ್ನೊಂದು ಬಾಜು ಅಂದೇ ಕೇಳಿದ್ದು. ಅದು ಮೊದಲಿನಷ್ಟು ಗದ್ದಲದ್ದಲ್ಲ. ಎಲ್ಲೋ ಒಂದು ಗಂಟೆ, ಬಹಳ ಹೊತ್ತಿಗೆ ಇನ್ನೊಂದು. ಮಾತಿಲ್ಲದೆ ಬರೀ ದನಿ ಎಳೆಯುವ ಹೆಂಗಸರ ಮೇಳದ ಹಾಗೆ ಏನೋ ಒಂದು. ಅದೂ ವಾದ್ಯವೇ ಅಂದರು ಭಾಯಿ, ನನಗೆ ನಂಬಿಕೆಯಾಗಲಿಲ್ಲ. ನಡುವೆ ಕೊಳಲು ಒಂದು ಮೆಟ್ಟಿಲು ಇಳಿಯುತ್ತದೆ, ನಿಲ್ಲುತ್ತದೆ, ಇನ್ನೊಂದು ಇಳಿಯುತ್ತದೆ; ಮೂರನೆಯದು ಇಳಿಯಬೇಕು ಅನ್ನುವಾಗ ಏರಿಬಿಡುತ್ತದೆ. ಅಲ್ಲಿ ಬಂದಾಗಲೆಲ್ಲ ನನ್ನ ಬೆರಳಿನಲ್ಲಿ ಶೇಂಗಾ ಹಾಗೇ ಉಳಿಯುತ್ತಿತ್ತು. ಭಾಬಿಯದೂ ಅದೇ ಪಾಡು. “ಯಾಕಬೇ, ಇದು ಮುಗಿಯೂತನಕ ನನ್ನ ಕೈ ನಡಿಯೂದs ಇಲ್ಲ,” ಎಂದು ನಕ್ಕಳು.

ಕರಾಳ ಅನ್ನುವಂಥ ಸಂಗೀತವೇ ಅದು. ಆದರೆ ಹೆದರಿಸುವ ಉದ್ದೇಶ ಅದಕ್ಕಿರಲಿಲ್ಲ. ತಮ್ಮ ಕತ್ತಲನ್ನು ತಾವೇ ಬಲ್ಲವರು, ಅದರಲ್ಲಿ ಅವಸರವಿಲ್ಲದೆ ಕೈಯಾಡಿಸುತ್ತ ಕುಳಿತ ಹಾಗಿತ್ತು. ನಾಟಕದಲ್ಲಿ ನಾವು ಕತ್ತಲು ತೋರಿಸಬೇಕಾದರೆ ದೀಪ ಆರಿಸಿ ತಗಡು ಬಡಿಯುತ್ತೇವೆ. ಆ ಸ್ವೀಡನ್ನಿನವರು ಏನನ್ನೂ ಬಡಿಯದೆ ತೋರಿಸಿದ್ದರು. ಅದನ್ನು ಮೆಚ್ಚದಿರಲು ನನ್ನಿಂದ ಆಗಲಿಲ್ಲ. ಸಿಟ್ಟಿತ್ತು, ಮೆಚ್ಚುಗೆಯೂ ಇತ್ತು. ಭಾನುವಾರದವರೆಗೆ ದಿನಾ ಮಧ್ಯಾಹ್ನ ಹೋದೆವು. ಶೇಂಗಾ ಮುಗಿದ ಮೇಲೆ ಹುಣಸೆಹಣ್ಣು ಬಿಡಿಸಿದೆವು, ಅದೂ ಮುಗಿದ ಮೇಲೆ ಸುಮ್ಮನೆ ಕುಳಿತೆವು.

ಭಾನುವಾರ ಥೇಟರು ತುಂಬಿತ್ತು. ಮಧ್ಯಾಹ್ನದ ಆಟಕ್ಕೆ ಹೆಚ್ಚಾಗಿ ಹೆಂಗಸರು, ಮಕ್ಕಳು, ಸುತ್ತಲ ಹಳ್ಳಿಗಳ ಹಿರಿಯರು. ತಗಡಿನ ಮೊಳೆತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಭಾಯಿ ತಟ್ಟೆ ಹಚ್ಚುವ ಪೆಟ್ಟಿಗೆಯನ್ನು ರಂಗದ ಪಕ್ಕದ ಪರದೆಯ ಮರೆಯಲ್ಲಿ ಇಟ್ಟುಕೊಂಡಿದ್ದರು, ಪ್ರೇಕ್ಷಕರಿಗೆ ಕಾಣದಂತೆ. ಅವರ ಬೆನ್ನಿಗೇ ಸೂಜಿ ದಾರ ಹಿಡಿದು ನಾನು. ಇವರು ಎಂದಿನಂತೆ ರಂಗದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಕಾಲುಪೇಟಿಯ ಮುಂದೆ.

ಬಾವಿಯ ದೃಶ್ಯ ಬಂತು. ಮಾಲಕರು ಹಗ್ಗ ಹಿಡಿದು ನಿಂತರು. ಭಾಯಿ ಸೂಜಿ ಇಳಿಸಿದರು. ಆ ಗುಂಯ್ ಸದ್ದು ಹಾರ್ನಿನಿಂದ ಹೊರಟು ತಗಡಿಗೆಲ್ಲ ಹರಡಿತು. ಅಳುತ್ತಿದ್ದ ಕೂಸುಗಳೂ ಸುಮ್ಮನಾದವು. ಹೆಂಗಸರು ಸೆರಗು ಎಳೆದುಕೊಂಡು ಒತ್ತಿ ಕುಳಿತರು. ಮಾಲಕರು ಪಿಸುಮಾತಿನಲ್ಲಿ “ಅಣ್ಣಾ…” ಎಂದಾಗ ನನ್ನ ಮೈ ಜುಮ್ಮೆಂದಿತು. ಗೆದ್ದಿತು ತಟ್ಟೆ, ಎಂದುಕೊಂಡೆ. ಕೆಳಗೆ ನೋಡಿದೆ. ಇವರ ಕೈ ಎರಡೂ ತೊಡೆಯ ಮೇಲಿದ್ದವು. ಆದರೆ ಕಾಲು, ಅಷ್ಟು ವರ್ಷದ ರೂಢಿ, ಮಾಲಕರ ಮಾತಿಗೆ ಸರಿಯಾಗಿ ತಮ್ಮಷ್ಟಕ್ಕೆ ತಾವೇ ಹಲಗೆ ತುಳಿಯುತ್ತಿದ್ದವು. ಬರೀ ಗಾಳಿ.

ಅಷ್ಟರಲ್ಲಿ ನೆಲದ ಮೇಲೆ ಕುಳಿತಿದ್ದವರ ನಡುವಿನಿಂದ ಒಬ್ಬ ಹಿರಿಯರು ಎದ್ದು ರಂಗದ ಮೆಟ್ಟಿಲು ಹತ್ತಿದರು. ಕೈಯಲ್ಲಿ ತಲೆಗೆ ಸುತ್ತುವ ಹೊಸ ರುಮಾಲು.

ನಮ್ಮ ಕಡೆಯ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಯಾರ ಕೆಲಸವಾದರೂ ಮನಸ್ಸಿಗೆ ಬಂದರೆ ನಡುವೆಯೇ ಎದ್ದು ಬಂದು ಬಟ್ಟೆ ಕೊಡುತ್ತಾರೆ, ಮೈಕಿನಲ್ಲಿ ನಾಲ್ಕು ಮಾತು ಹೇಳುತ್ತಾರೆ. ಅದಕ್ಕೆ ಆಯೇರಿ ಅನ್ನುತ್ತೇವೆ. ಅದು ಮುಗಿಯುವವರೆಗೆ ಪಾತ್ರದವರು ಇದ್ದಲ್ಲೇ ನಿಲ್ಲುತ್ತಾರೆ. ಸಾಯುತ್ತಿರುವವನು ಸಾಯುವುದನ್ನು ತಡೆದುಕೊಳ್ಳುತ್ತಾನೆ. ಮಾಲಕರು ಹಗ್ಗ ಹಿಡಿದು, ಕಣ್ಣು ಕೆಂಪಗೆ ಬಿಟ್ಟುಕೊಂಡೇ ನಿಂತರು.

ಆದರೆ ತಟ್ಟೆಗೆ ಆಯೇರಿ ಗೊತ್ತಿಲ್ಲ. ಅದು ತನ್ನ ದಾರಿ ಹಿಡಿದು ಹೊರಟೇ ಇತ್ತು.

“ನಾ ಮುಳಗುಂದದಾಂವ, ಮಗಳ ಮನಿಗೆ ಬಂದೀನಿ,” ಎಂದರು ಹಿರಿಯರು ಮೈಕಿನಲ್ಲಿ. “ಈ ರುಮಾಲು ಪಾತ್ರದವರಿಗಲ್ಲ. ಎದಿ ನಡುಗೂ ಹಂಗ ಬಾರಿಸಿದ ಈ ಪೇಟಿ ಮಾಸ್ತರಗ.”

ಇವರು ಗಾಬರಿಯಾಗಿ ಎದ್ದು ಕೈ ಮುಗಿದರು. “ಅಜ್ಜಾರ, ಬಾರಿಸಿದ್ದು ನಾ ಅಲ್ರಿ.”

“ಮತ್ತ್ಯಾರು? ನಿನ್ನ ಕಾಲು ಅಳ್ಳಾಡಿದ್ದು ನಾ ಕಂಡೀನಿ.”

ಥೇಟರು ನಕ್ಕಿತು.

“ಅದು ತಟ್ಟಿ ಹಚ್ಚ್ಯಾರ್ರಿ ಒಳಗ. ಸ್ವೀಡನ್ ಅಂತ ದೇಶ. ಅಲ್ಲಿ ಮಂದಿ ಬಾರಿಸ್ಯಾರ. ಭಾಳ ದೊಡ್ಡ ಕಲಾವಿದರು. ಮರ್ಯಾದಿ ಅವರಿಗೆ ಸಲ್ಲಬೇಕ್ರಿ.”

“ಅವರು ಆಟ ಮುಗಿಯೂದ್ರಾಗ ಬರ್ತಾರೇನು?”

“ಇಲ್ರಿ.”

“ಹಂಗಾದ್ರ ಅವರ ಹೆಸರಿಲೆ ನೀನs ಸುತಗೋ. ತಂದ ಅರಿವಿ ವಾಪಸ್ ಒಯ್ಯಾಕ ಬರೂದಿಲ್ಲ. ಬಗ್ಗು ತಲಿ.”

ಬಗ್ಗಿದರು. ಅಜ್ಜ ಮೆಟ್ಟಿಲಿಳಿದು ಬಂದು ನಿಧಾನವಾಗಿ ಸುತ್ತು ಸುತ್ತಾಗಿ ರುಮಾಲು ಕಟ್ಟಿದರು. ಜನ ಚಪ್ಪಾಳೆ ಹೊಡೆದರು. ಒಳಗೆ ಭಾಯಿಯ ಹಣೆಯಲ್ಲಿ ಬೆವರು. ಅಷ್ಟು ಹೊತ್ತಿಗೆ ತಟ್ಟೆ ಆ ಬಿಗಿಯನ್ನೂ ದಾಟಿ, ಗದ್ದಲವನ್ನೂ ದಾಟಿ, ಕೊನೆ ಮುಟ್ಟಿತ್ತು. ಹಾರ್ನಿನಲ್ಲಿ ಈಗ ಬರೀ ಕರ್ರ್, ಕರ್ರ್. ಬಾವಿಯ ಕಟ್ಟೆಯ ಮೇಲೆ ಮಾಲಕರು ಇನ್ನೂ ಸತ್ತ ಅಣ್ಣನಿಗಾಗಿ ಕಾಯುತ್ತ ನಿಂತಿದ್ದರು.

“ಮಾಲಕರ, ಹಗ್ಗ ಹಿಡದು ಎಷ್ಟೊತ್ತು ನಿಲ್ಲತೀರಿ? ನೀರು ಸೇದಿ ಮನಿಗೆ ಹೋಗ್ರಿ!” ನೆಲದಿಂದ ಯಾರೋ ಹೆಂಗಸು ಕೂಗಿದಳು. ನಗೆ ಎದ್ದು ದೃಶ್ಯ ಚೂರುಚೂರಾಯಿತು. ಭಾಯಿ ಅವಸರದಲ್ಲಿ ಸೂಜಿ ಎತ್ತಿ ಮತ್ತೆ ಇಟ್ಟರು. ಅದು ನಡುವಿನ ಗದ್ದಲದ ಮೇಲೆ ಬಿತ್ತು. ಮಾಲಕರ ಪಿಸುಮಾತು ಅದರಲ್ಲಿ ಮುಳುಗಿ ಹೋಯಿತು. ಭಾಯಿ ಸೂಜಿ ಎತ್ತಿಬಿಟ್ಟರು. ಎಲ್ಲ ಸದ್ದೂ ನಿಂತಿತು, ಮಾಲಕರ ಮುಖ ಹೇಳತೀರದು.

ಆಗ ಕೆಳಗಿನಿಂದ ಒಂದು ಮಂದ್ರದ ಸುರ ಎದ್ದಿತು.

ಇವರು ಕುಳಿತಿದ್ದರು, ತಲೆಯ ಮೇಲೆ ಹೊಸ ರುಮಾಲು. ಎಡಗೈಯ ಒಂದೇ ಬೆರಳು ಒತ್ತಿ ಹಿಡಿದಿದ್ದರು. ಎಂದೂ ಹಾಗೆ ಹಿಡಿದವರಲ್ಲ. ಮಾತು ಶುರುವಾಗುವುದರೊಳಗೆ ನಾಲ್ಕು ಆಲಾಪ ಹಾಕುವ ಚಾಳಿ ಇವರದು. ಇಂದು ಬಿಡಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಎಲ್ಲರೂ ಸುಮ್ಮನಾದ ಮೇಲೂ ಒಂದಿಷ್ಟು ಹೊತ್ತು ಆ ಒಂದೇ ಸುರ. ಮಾಲಕರು ನಿಧಾನವಾಗಿ ಬಾವಿಯೊಳಗೆ ಬಗ್ಗಿದರು. “ಅಣ್ಣಾ…” ಆಗ ಬಲಗೈ ಬಂತು, ಸ್ವೀಡನ್ನಿನವರ ಆ ನಡಿಗೆಯೇ, ಆದರೆ ಮಾಲಕರು ಹೆಜ್ಜೆ ಇಟ್ಟಾಗ ಇಟ್ಟು, ನಿಂತಾಗ ನಿಂತು. ಹಗ್ಗ ಬಿಗಿಯಾದಾಗ ಸುರವೂ ಬಿಗಿಯಾಯಿತು. ಕೊಡ ನೀರಿಗೆ ತಾಗಿದ ಸದ್ದಿಗೆ ಎಲ್ಲ ನಿಂತು, ಕೆಳಗಿನದೊಂದೇ ಉಳಿಯಿತು. ನನ್ನ ಮುಂದಿದ್ದ ಭಾಯಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು “ವಾಹ್” ಎಂದು ಬಾಯೊಳಗೇ ಅಂದರು.

ಆಟ ಮುಗಿದು ಚಹಾ ಬಂದಾಗ ಮಾಲಕರು ಬಣ್ಣ ಒರೆಸಿಕೊಳ್ಳುತ್ತ ಇವರ ಮುಂದೆ ಕುಳಿತರು.

“ಎಲ್ಲಿ ಕಲತ್ರಿ ಇದನ್ನ?”

“ನೀವ ತಂದುಕೊಟ್ರೆಲ್ಲರಿ ಉಸ್ತಾದರನ್ನ,” ಎಂದು ಇವರು ಭಾಯಿಯ ಕೈಯಲ್ಲಿದ್ದ ತಟ್ಟೆ ತೋರಿಸಿದರು. “ನಾ ಬಾರಿಸಿದ್ದರಾಗ ಅವರದು ನಾಕಾಣೆನೂ ಇಲ್ರಿ. ಅವರದು ಅವರs ಬಾರಿಸಬೇಕು.”

ಮಾಲಕರು ಚಹಾ ಊದಿದರು. “ಪೇಟಿ ಲಾರಿಗೆ ಏರಲಿ. ಆದ್ರ ಒಂದು ಮಾತು. ಮೂರನೇ ಅಂಕದಾಗ ಅತ್ತಿಗಿ ಹುಚ್ಚಿ ಆಗಿ ಮನಿ ತುಂಬ ಅಡ್ಡಾಡೋ ಸೀನ್ ಐತೆಲ್ಲ, ಅದಕ್ಕ ಈ ತಟ್ಟಿ ಇನ್ನೊಂದು ಬಾಜುದ್ದು ಬೇಕು. ಭಾಯಿ ಮನ್ಯಾಗ ಅದನ್ನ ಕೇಳಿದಾಗಿಂದ ನನ್ನ ತಲ್ಯಾಗ ಅದs ಕುಂತೈತಿ. ಶಿರಹಟ್ಟಿ ಮೊದಲನೇ ಆಟಕ್ಕ ಕೂಡಿಸಿದ್ರ, ಮುಂಡರಗಿಗೂ ನೀವs. ಆಗಲಿಲ್ಲಂದ್ರ ನಾ ಭಾಯಿ ಕಾಲು ಹಿಡೀತೀನಿ.”

ಭಾಯಿ ಶಿರಹಟ್ಟಿಗೆ ಬರುವಂತಿರಲಿಲ್ಲ. ಮದುವೆಯ ಹಂಗಾಮು, ಸೆಟ್ಟಿಗೆಲ್ಲ ಮುಂಗಡ ಆಗಿತ್ತು. ತಟ್ಟೆ ಬೇಕಾದರೆ ಒಯ್ಯಿರಿ ಎಂದರು; ಆದರೆ ಹಚ್ಚುವ ಪೆಟ್ಟಿಗೆಯಿಲ್ಲದೆ ಒಯ್ದು ಮಾಡುವುದೇನು? ಲಾರಿ ಹೊರಡುವ ದಿನದವರೆಗೆ ಇವರು ಆ ಇನ್ನೊಂದು ಬಾಜು ಹಚ್ಚಿಸಿಕೊಂಡು ಕೇಳಿದರು. ಕಾಲುಪೇಟಿ ಲಾರಿ ಏರಿತು, ಮೇಲೆ ಪರದೆಗಳ ಸುರುಳಿ, ಅದರ ಮೇಲೆ ನಾವು.

ಶಿರಹಟ್ಟಿಯಲ್ಲಿ ನಮ್ಮ ಖೋಲಿ ಥೇಟರಿಗೆ ಹೊಂದಿಕೊಂಡೇ ಇತ್ತು. ಮೊದಲ ಆಟದ ಹಿಂದಿನ ದಿನ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಗೋಡೆಯ ಆಚೆ ಪೇಟಿ ಶುರುವಾಯಿತು. ಗಂಟೆಯ ಜಾಗ ಬಂತು, ದನಿಗಳ ಮೇಳದ ಜಾಗ ಬಂತು, ಕೊಳಲು ಇಳಿಯುವಲ್ಲಿ ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ನಿಂತಿತು. ಒಂದು ಸಲ ಏರಿದ್ದು ತೀರಾ ಎತ್ತರವಾಯಿತು, ಇನ್ನೊಂದು ಸಲ ತಗ್ಗಾಯಿತು. ಪೇಟಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಇವರು ಬಾಗಿಲಿಗೆ ಬಂದು ನಿಂತರು.

“ಆ ಕೊಳಲು ಕೈಗೆ ಸಿಗವಲ್ದು. ನಾಳೆ ಆಟ. ಭಾಯಿ ಕಾಲು ಹಿಡೀರಿ ಅಂತ ಮಾಲಕರಿಗೆ ಹೇಳಬೇಕಂತ ಕಾಣತೈತಿ.”

ನಮ್ಮ ಮನೆತನದಲ್ಲಿ ಹೆಂಗಸರು ಹಾಡುವುದು ಜೋಗುಳ ಮಾತ್ರ, ಅದೂ ಬಾಗಿಲು ಮುಂದೆ ಮಾಡಿಕೊಂಡು. ಕಂಪನಿಯ ಜೊತೆ ಅಷ್ಟು ವರ್ಷ ಇದ್ದೂ ಇವರ ಮುಂದೆ ನಾನು ಒಂದು ಸಾಲು ಹಾಡಿದವಳಲ್ಲ. ಪೇಟಿ ಮಾಸ್ತರರ ಮುಂದೆ ಹಾಡುವ ಧೈರ್ಯ ಯಾರಿಗಿರುತ್ತದೆ? ಹೆಂಚಿನ ಮೇಲಿನ ರೊಟ್ಟಿಯ ಮೇಲೇ ಕಣ್ಣಿಟ್ಟು, ಬಾಯಿ ಮುಚ್ಚಿಕೊಂಡೇ ಆ ಕೊಳಲನ್ನು ಮೂಗಿನಲ್ಲಿ ಅಂದೆ. ಒಂದು ಮೆಟ್ಟಿಲು ಇಳಿದೆ, ನಿಂತೆ. ಇನ್ನೊಂದು ಇಳಿದೆ, ನಿಂತೆ. ಆಮೇಲೆ ಏರಿದೆ.

ಇವರು ಒಳಗೆ ಬಂದು ಒಲೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು.

“ಇನ್ನೊಮ್ಮೆ ಅನ್ನು.”

“ರೊಟ್ಟಿ ಹೊತ್ತತಾವು.”

“ಹೊತ್ತಲಿ. ನೀ ಅನ್ನು.”

ಅಂದೆ.